ಸರಿಸಾರ್ ಕಣಿವೆಯ ಒತ್ತುವರಿ ಪ್ರಕರಣ

ಓದದೆ ಸಹಿ ಹಾಕುವವನನ್ನು ದೇವರೂ ಕಾಪಾಡಲಾರ. ಕಾಪಾಡುತ್ತೇನೆಂದು ದೇವರೇ ಬರೆದುಕೊಟ್ಟರೂ ಆ ಕಾಗದವನ್ನು ಅವನು ಓದದೆ ಕಡತಕ್ಕೆ ಸೇರಿಸಿಬಿಡುತ್ತಾನೆ. ನೋಂದಣಿ ಕಚೇರಿಯ ಮೂರನೇ ಮೇಜಿನ ಗುಮಾಸ್ತರು ಅಂಥವರು. ಇಪ್ಪತ್ತೆರಡು ವರ್ಷಗಳಿಂದ ಅವರ ಮುಂದೆ ಕಾಗದಗಳು ಬರುತ್ತಿವೆ. ಸಹಿ ಬೀಳಬೇಕಾದ ಕಡೆ ಯಾರೋ ಪೆನ್ಸಿಲಿನಲ್ಲಿ ಗುರುತು ಹಾಕಿರುತ್ತಾರೆ. ಇವರು ಗುರುತು ಕಂಡಲ್ಲಿ ಸಹಿ ಹಾಕಿ, ಮೊಹರು ಗುದ್ದಿ, "ಸರಿ ಸಾರ್" ಎಂದು ಪಕ್ಕದ ಮೇಜಿಗೆ ತಳ್ಳುತ್ತಾರೆ. ಹೀಗಾಗಿ ಅವರ ಹೆಸರು ಸರಿಸಾರ್ ಎಂದೇ ಆಗಿ, ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ.

ಇಂಥ ಮನುಷ್ಯನಿಗೆ ಒಂದು ಪ್ರಪಂಚ ಸಿಕ್ಕಿತು. ಫೋನಿನಲ್ಲಿ ಆಡುವ ಆಟ ಅದು. ಓಪನ್ ವರ್ಲ್ಡ್ ಅನ್ನುತ್ತಾರೆ. ಅಂದರೆ ಬೆಟ್ಟ, ಕಾಡು, ನದಿ, ಊರು ಎಲ್ಲ ಹರಡಿಟ್ಟು, ಎಲ್ಲಿಗೆ ಬೇಕಾದರೂ ಹೋಗು, ಏನು ಬೇಕಾದರೂ ಮಾಡು ಎಂದು ಬಿಟ್ಟುಬಿಡುತ್ತಾರೆ. ಶುರುವಿನಲ್ಲಿ ಆಟ ಕೇಳಿದ ಪ್ರಶ್ನೆಗಳಿಗೆಲ್ಲ ಸರಿಸಾರ್ ವಾಡಿಕೆಯಂತೆ ಓದದೆ 'ಸರಿ' ಒತ್ತಿದ್ದರಿಂದ, ಎಲ್ಲರಿಗೂ ಸಿಗುವ ಕುದುರೆಯ ಬದಲು ಅವರಿಗೆ ಕತ್ತೆ ಸಿಕ್ಕಿತು. ಅದಕ್ಕೂ ಅವರು ಬೇಸರಪಡಲಿಲ್ಲ. ಆ ರಾಜ್ಯದ ರಾಜಕುಮಾರಿಯನ್ನು ಕಳ್ಳರು ಎತ್ತಿಕೊಂಡು ಹೋಗಿದ್ದರು. ಆಟಗಾರ ಹೋಗಿ ಬಿಡಿಸಿ ತರಬೇಕು. ಏಳು ತಿಂಗಳಿಂದ ಆಕೆ ಗುಹೆಯಲ್ಲಿ ಕೂತೇ ಇದ್ದಳು. ಸರಿಸಾರ್ ಆ ದಿಕ್ಕಿಗೆ ತಲೆ ಹಾಕಿಯೂ ಮಲಗಲಿಲ್ಲ.

ಅವರು ಸೇತುವೆ ಕಟ್ಟುತ್ತಿದ್ದರು. ಕಣಿವೆಯ ನಡುವೆ ನದಿ, ಈಚೆ ದಡದಲ್ಲಿ ಅವರ ಗುಡಿಸಲು, ಆಚೆ ದಡದಲ್ಲಿ ಹುಲ್ಲುಗಾವಲು. ದಿನಾ ಸಂಜೆ ಕಚೇರಿಯಿಂದ ಬಂದು, ಶರಟು ಬಿಚ್ಚಿ ಗೂಟಕ್ಕೆ ತಗುಲಿಸಿ, ಹಜಾರದ ಮೂಲೆಯ ಕುರ್ಚಿಯಲ್ಲಿ ಕೂತು, ಮರ ಕಡಿದು, ಹಲಗೆ ಸೀಳಿ, ಕತ್ತೆಯ ಮೇಲೆ ಹೇರಿ ತಂದು, ಒಂದೊಂದೇ ಹಲಗೆ ಜೋಡಿಸುತ್ತಿದ್ದರು. ಮುನ್ನೂರ ನಲವತ್ತು ಹಲಗೆ ಬೇಕಾಗಿತ್ತು. ಇನ್ನು ಹತ್ತೊಂಬತ್ತು ಬಾಕಿ. ಆ ಒಂದೂವರೆ ಗಂಟೆ 'ಸಾರ್, ನನ್ನ ಕಾಗದ ಏನಾಯ್ತು' ಎಂದು ಕೇಳುವ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ಕತ್ತೆ ಕೂಡ ಏನೂ ಕೇಳುತ್ತಿರಲಿಲ್ಲ. ಸರಿಸಾರ್ ಜೀವಮಾನದಲ್ಲಿ ಬೇಡಿದ್ದು ಇಷ್ಟೇ, ಮತ್ತು ಇಷ್ಟು ಅವರಿಗೆ ಸಿಕ್ಕಿತ್ತು.

ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಯೋಗ್ಯತೆ ಬೇಕು. ಒಂದು ಸಂಜೆ ಆಟ ತೆರೆದಾಗ ಪರದೆಯ ತುಂಬ ಒಂದು ಬರಹ ಬಂತು. 'ನಿಮ್ಮ ಪ್ರಪಂಚವನ್ನು ಆತ್ಮೀಯರೊಡನೆ ಹಂಚಿಕೊಳ್ಳಿ' ಎಂದು ಮೇಲೆ ದಪ್ಪಕ್ಷರ, ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರ, ಕೊನೆಯಲ್ಲಿ 'ಸರಿ' ಎನ್ನುವ ಗುಂಡಿ. ಆ ಗುಂಡಿಯ ಪಕ್ಕದಲ್ಲಿ ಒಂದು ಬಾಣದ ಗುರುತು ಮಿಣಮಿಣ ಎನ್ನುತ್ತಿತ್ತು. ಇಪ್ಪತ್ತೆರಡು ವರ್ಷ ಗುರುತು ಹುಡುಕಿ ಪಳಗಿದ ಬೆರಳು ಅದು. ಯಜಮಾನನ ಅಪ್ಪಣೆಗೆ ಕಾಯಲಿಲ್ಲ, ಒತ್ತಿಬಿಟ್ಟಿತು.

ಆ ಕ್ಷಣದಲ್ಲಿ ಫೋನಿನಲ್ಲಿದ್ದ ಇನ್ನೂರ ಹನ್ನೆರಡು ನಂಬರುಗಳಿಗೂ ಆಹ್ವಾನ ಹೋಯಿತು. ಹಲ್ಲಿನ ಡಾಕ್ಟರಿಗೆ ಹೋಯಿತು, ನಲ್ಲಿ ರಿಪೇರಿಯವನಿಗೆ ಹೋಯಿತು, ತೀರಿಕೊಂಡು ಮೂರು ವರ್ಷವಾಗಿದ್ದ ದೊಡ್ಡಪ್ಪನಿಗೂ ಹೋಯಿತು: 'ಬನ್ನಿ, ನನ್ನ ಪ್ರಪಂಚ ಇನ್ನು ನಿಮ್ಮದೂ ಹೌದು.' ದೊಡ್ಡಪ್ಪನೇ ವಾಸಿ, ಬರಲಿಲ್ಲ.

ಮೊದಲು ಬಂದವನು ಭಾವಮೈದುನ, ಹೆಂಡತಿಯ ತಮ್ಮ. ಕಾರು ಮಾರುವ ಅಂಗಡಿಯಲ್ಲಿ ಕೆಲಸ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಪ್ರಾಣಿ. ಹತ್ತೇ ನಿಮಿಷದಲ್ಲಿ ಕಪ್ಪು ಕುದುರೆ ಏರಿ ಕಣಿವೆಗೆ ಇಳಿದ. ಫೋನಿನೊಳಗಿಂದ ಅವನ ಗಂಟಲು ಹಜಾರದ ತುಂಬ ಕೇಳಿತು.

"ಭಾವಾ! ಕರೆದ್ರಲ್ಲ, ಬಂದೆ ನೋಡಿ!"

"ನಾನು ಕರೆದ್ನಾ?"

"ಇದೇನ್ ಭಾವ, ಏಳು ತಿಂಗಳಾದ್ರೂ ಒಬ್ಬ ಕಳ್ಳನಿಗೂ ಒಂದು ಏಟು ಹಾಕಿಲ್ಲ? ಇಷ್ಟು ದಿನ ಇಲ್ಲಿ ಏನ್ ಮಾಡ್ತಿದ್ರಿ?"

"ಸೇತುವೆ."

"ಸೇತುವೆ ಯಾಕೆ? ಕುದುರೆ ಈಜುತ್ತಲ್ಲ!"

"ನಂದು ಕತ್ತೆ."

ಭಾವಮೈದುನ ಎಷ್ಟು ಹೊತ್ತು ನಕ್ಕನೆಂದರೆ ಅಷ್ಟರಲ್ಲಿ ಎರಡು ಹಲಗೆ ಜೋಡಿಸಬಹುದಿತ್ತು. ಆಮೇಲೆ ಅವನು ಸುಮ್ಮನಿರಲಾರದೆ ಹೋಗಿ ಮೂವತ್ತೊಂದು ಕಳ್ಳರನ್ನು ಕೊಂದು ರಾಜಕುಮಾರಿಯನ್ನು ಬಿಡಿಸಿ ತಂದ. ತಂದಮೇಲೆ ಇಡಲು ಜಾಗವಿಲ್ಲ. ಸರಿಸಾರ್ ಗುಡಿಸಲಿನಲ್ಲಿ ಇಟ್ಟುಬಿಟ್ಟ. ಆಟದ ನಿಯಮದ ಪ್ರಕಾರ ಅವಳನ್ನು ಕರೆದೊಯ್ಯಲು ಅರಮನೆಯಿಂದ ಸಾರೋಟು ಬರಬೇಕು. ಅರಮನೆ ನದಿಯ ಆಚೆ, ಸಾರೋಟು ಈಜುವುದಿಲ್ಲ. ಸೇತುವೆ ಮುಗಿಯುವವರೆಗೆ ರಾಜಕುಮಾರಿ ಹೋಗುವಂತಿಲ್ಲ. ಅವಳಿಗೆ ಬರುತ್ತಿದ್ದದ್ದು ಒಂದೇ ಮಾತು. ಎರಡೆರಡು ನಿಮಿಷಕ್ಕೆ ಗುಡಿಸಲಿನ ಬಾಗಿಲಿಗೆ ಬಂದು, "ವೀರನೇ, ನಿನ್ನ ಉಪಕಾರವನ್ನು ನಾನೆಂದಿಗೂ ಮರೆಯಲಾರೆ" ಎನ್ನುತ್ತಿದ್ದಳು.

ಟೀ ಹಿಡಿದು ಬಂದ ಹೆಂಡತಿ ನಾಲ್ಕನೇ ಉಪಕಾರಕ್ಕೆ ಸರಿಯಾಗಿ ಹಿಂದೆ ನಿಂತಿದ್ದಳು.

"ಯಾರ್ರೀ ಅವಳು?"

"ನಿನ್ನ ತಮ್ಮ ತಂದಿಟ್ಟಿದ್ದು."

"ನನ್ನ ತಮ್ಮನ್ನ ಯಾಕೆ ಎಳೀತೀರಾ? ಉಪಕಾರ ಮಾಡಿದ್ದು ನೀವು ಅಂತ ಅವಳೇ ಹೇಳ್ತಿದಾಳಲ್ಲ. ಎಷ್ಟು ದಿನ ಇರ್ತಾಳಂತೆ?"

"ಸೇತುವೆ ಮುಗಿಯೋವರೆಗೂ."

"ಹಾಗಾದ್ರೆ ಇಲ್ಲೇ ಮುದುಕಿ ಆಗ್ತಾಳೆ ಬಿಡಿ" ಎಂದು ಹೆಂಡತಿ ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದಳು. ಲೋಟದಲ್ಲಿದ್ದ ಅರ್ಧ ಟೀ ತಟ್ಟೆಗೆ ಬಂತು.

ಸರಿಸಾರ್‌ಗೆ ಮೈ ಉರಿದುಹೋಯಿತು. ಭಾವಮೈದುನನ ಹೆಸರಿನ ಮೇಲೆ ಬೆರಳಿಟ್ಟು 'ಹೊರಗೆ ಹಾಕು' ಎಂಬುದನ್ನು ಒತ್ತಿದರು. ಹತ್ತು ನಿಮಿಷಕ್ಕೆ ಅತ್ತೆಯ ಫೋನು ಬಂತು.

"ಅಳಿಯಂದಿರೇ, ನನ್ನ ಮಗನ್ನ ಹೊರಗೆ ಹಾಕಿದ್ರಂತೆ. ಅವನು ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಕೂತಿದಾನೆ."

"ಅತ್ತೇ, ಅದು ಬರೀ ಆಟ."

"ಬರೀ ಆಟ ಆದ್ರೆ ಹೊರಗೆ ಯಾಕೆ ಹಾಕಿದ್ರಿ?"

ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಅಳಿಯ ಇನ್ನೂ ಹುಟ್ಟಬೇಕು. ಸರಿಸಾರ್ ಅವನನ್ನು ಮತ್ತೆ ಒಳಗೆ ಬಿಟ್ಟುಕೊಂಡರು. ಅವಮಾನವಾದ ಮನುಷ್ಯ ಒಬ್ಬನೇ ಬರುತ್ತಾನೆಯೇ? ಅಂಗಡಿಯ ಹತ್ತೊಂಬತ್ತು ಸ್ನೇಹಿತರನ್ನು ಕಟ್ಟಿಕೊಂಡು ಬಂದ. ಇಪ್ಪತ್ತು ಕುದುರೆಗಳು ಹುಲ್ಲು ತುಳಿದವು. ಕತ್ತೆಯ ಮೇಲೆ ಯಾರೋ ಬಾಣ ಬಿಟ್ಟು ಗುರಿ ನೋಡಿಕೊಂಡರು. ಹಲ್ಲಿನ ಡಾಕ್ಟರು ದಡದಲ್ಲಿ ಕೂತು ನದಿಯ ಮೀನನ್ನೆಲ್ಲ ಬಾಚಿದರು. ಸರಿಸಾರ್ ಹಲ್ಲು ಕಚ್ಚಿಕೊಂಡು ಇನ್ನೊಂದು ಹಲಗೆ ಸೀಳಿದರು. ಸೇತುವೆ ಮುಗಿದರೆ ಆಚೆ ದಡಕ್ಕೆ ಹೋಗಿ, ಈಚೆಯ ತುದಿಯನ್ನು ಕಡಿದುಬಿಡಬೇಕು ಎಂದು ಅವರು ಆಗಲೇ ತೀರ್ಮಾನಿಸಿದ್ದರು. ಕುದುರೆ ಈಜುತ್ತದೆ ಎಂಬುದು ಸಿಟ್ಟಿನಲ್ಲಿ ಮರೆತುಹೋಗಿತ್ತು.

ಇಲ್ಲಿಯವರೆಗೆ ನಡೆದದ್ದು ದಾಂಧಲೆ. ಅದನ್ನು ಸಹಿಸಬಹುದು. ಮಾರನೆಯ ದಿನದಿಂದ ಶುರುವಾದದ್ದು ಆಡಳಿತ.

ಬೆಳಿಗ್ಗೆ ಹೆಡ್ ಕ್ಲಾರ್ಕು ಕನ್ನಡಕದ ಮೇಲಿಂದ ನೋಡುತ್ತ ಕರೆದರು. ನಿವೃತ್ತಿಗೆ ಎರಡು ವರ್ಷವಿದ್ದ ಆ ಮನುಷ್ಯ ರಜೆಯ ದಿನ ಮನೆಯ ಚಮಚಗಳಿಗೆ ನಂಬರು ಹಾಕುತ್ತಾರೆಂದು ಪ್ರತೀತಿ.

"ಏನ್ರೀ ಸರಿಸಾರ್, ನಿನ್ನೆ ನಿಮ್ಮ ಕಣಿವೆಗೆ ಬಂದಿದ್ದೆ."

"ಸರಿ ಸಾರ್."

"ಏನ್ ಸರಿ? ಒಂದು ದಾಖಲೆ ಇಲ್ವಲ್ರೀ ಅಲ್ಲಿ? ಗುಡಿಸಲು ಯಾರ ಹೆಸರಲ್ಲಿದೆ? ಗಡಿ ಎಲ್ಲಿದೆ? ಸೇತುವೆಗೆ ಪರವಾನಗಿ ಕೊಟ್ಟೋರು ಯಾರು?"

"ಅದು ಆಟ ಸಾರ್."

"ನಿಯಮ ಇಲ್ಲದ ಆಟ ಯಾವುದಿದೆ, ಒಂದು ತೋರಿಸಿ ನೋಡೋಣ."

ಜನ ಇಂಥ ಆಟಗಳಿಗೆ ಹೋಗುವುದು ತಾವಲ್ಲದ ಇನ್ನೊಬ್ಬರಾಗಲು ಎಂದು ತಿಳಿದವರು ಬರೆಯುತ್ತಾರೆ. ಬರೆಯುವವರಿಗೇನು, ಬರೆಯುತ್ತಾರೆ. ಒಂದು ಇಡೀ ಪ್ರಪಂಚವನ್ನು ಬಿಚ್ಚಿ ಎದುರಿಗಿಟ್ಟು, ಹಾರು, ಈಜು, ಬೆಟ್ಟ ಹತ್ತು ಎಂದು ಬಿಟ್ಟರೆ, ಹೆಡ್ ಕ್ಲಾರ್ಕು ಹುಡುಕಿಕೊಂಡು ಹೋದದ್ದು ಒಂದು ಮೇಜನ್ನು. ಸಿಗದಿದ್ದಾಗ ಸರಿಸಾರ್ ಸೀಳಿಟ್ಟಿದ್ದ ಹಲಗೆಗಳಲ್ಲೇ ಒಂದು ಮಾಡಿಸಿಕೊಂಡರು.

ಅದೇ ಸಂಜೆ ಕಚೇರಿಯ ಸರ್ವೇಯರು ಇಳಿದರು. ನಿಜವಾದ ಜಮೀನು ಅಳೆಯಲು ಹೋದಲ್ಲೆಲ್ಲ ನಾಯಿ ಅಟ್ಟಿಸಿಕೊಂಡು ಬಂದು, ಮಾಲೀಕರು ಬೈದು, ಅವರ ಜೀವ ಸಣ್ಣಗಾಗಿತ್ತು. ಈ ಕಣಿವೆಯಲ್ಲಿ ನಾಯಿಯಿಲ್ಲ, ಬಿಸಿಲಿಗೆ ತಲೆ ಸುಡುವುದಿಲ್ಲ. ತಮ್ಮ ಗೊಂಬೆಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿ, ಎಣಿಸಿ, ನಾಲ್ಕು ದಿನದಲ್ಲಿ ಇಡೀ ಕಣಿವೆಯನ್ನು ಅಳೆದುಬಿಟ್ಟರು. ಕಚೇರಿಯಲ್ಲಿ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿ ಐದು ಬಣ್ಣಗಳಲ್ಲಿ ನಕಾಶೆ ಬರೆದರು. ಎಂಟು ತಿಂಗಳಿಂದ ತಮ್ಮ ಸೈಟು ಅಳೆಸಲು ಅಲೆಯುತ್ತಿದ್ದ ಒಬ್ಬ ಮುದುಕರು ಕಿಟಕಿಯಲ್ಲಿ ಇಣುಕಿ, "ನನ್ನದಾ ಸಾರ್?" ಎಂದು ಆಸೆಯಿಂದ ಕೇಳಿದರು. "ಮುಟ್ಟಬೇಡಿ, ಬಣ್ಣ ಒಣಗಿಲ್ಲ" ಎಂದರು ಸರ್ವೇಯರು.

ನಕಾಶೆಯ ಪ್ರಕಾರ ಸರಿಸಾರ್ ಗುಡಿಸಲು ನದಿಯ ಜಾಗಕ್ಕೆ ಎಂಟು ಹೆಜ್ಜೆ ನುಗ್ಗಿತ್ತು. ಸೇತುವೆಯಂತೂ ಪೂರ್ತಿ ನದಿಯ ಮೇಲೇ ಇತ್ತು.

"ಸೇತುವೆ ನದಿ ಮೇಲಲ್ಲದೆ ಇನ್ನೆಲ್ಲಿರುತ್ತೆ ಸಾರ್?" ಎಂದು ಸರಿಸಾರ್ ಅಳುವಂತೆ ಕೇಳಿದರು.

"ಅದೇ ನಾನೂ ಹೇಳ್ತಿರೋದು. ಒಪ್ಪಿಕೊಂಡ್ರಲ್ಲ, ಬರ್ಕೊಳ್ಳಿ" ಎಂದು ಹೆಡ್ ಕ್ಲಾರ್ಕು ಸರ್ವೇಯರ ಕಡೆ ತಿರುಗಿದರು. "ನದಿ ಸರ್ಕಾರದ್ದು. ಒತ್ತುವರಿ."

"ಯಾವ ಸರ್ಕಾರ ಸಾರ್ ಅಲ್ಲಿ?"

"ರಾಜ ಇದಾನಲ್ರೀ! ಅವನ ಮಗಳನ್ನೇ ಮನೇಲಿಟ್ಕೊಂಡಿದೀರಿ. ಅದು ಬೇರೆ ಪ್ರಕರಣ, ಆಮೇಲೆ ತಗೊಳ್ಳೋಣ."

ನೋಟೀಸು ಎರಡು ಪ್ರತಿಯಲ್ಲಿ ಬಂತು. ಒಂದನ್ನು ಗುಡಿಸಲಿನ ಬಾಗಿಲಿಗೆ ಅಂಟಿಸಿದರು, ಇನ್ನೊಂದನ್ನು ಮೂರನೇ ಮೇಜಿನ ಮೇಲೆ ಇಟ್ಟರು. ವಿಚಾರಣೆ ಮುಗಿಯುವವರೆಗೆ ಸೇತುವೆಯ ಕೆಲಸ ನಿಲ್ಲಿಸತಕ್ಕದ್ದು.

ಅವತ್ತು ಸಂಜೆ ಸರಿಸಾರ್ ಕಣಿವೆಗೆ ಹೋದಾಗ ಸೇತುವೆಯ ಬಾಯಲ್ಲಿ ಹೆಡ್ ಕ್ಲಾರ್ಕು ಮೇಜು ಹಾಕಿಕೊಂಡು ಕೂತಿದ್ದರು. ಕಳ್ಳರನ್ನು ಕೊಲ್ಲಲು ಬಂದ ಇಪ್ಪತ್ತು ಸವಾರರು ಅವರ ಮುಂದೆ ಕುದುರೆ ಸಮೇತ ಸಾಲಾಗಿ ನಿಂತು ಪಾಸಿಗೆ ಕಾಯುತ್ತಿದ್ದರು. ಒಬ್ಬನಿಗಾದರೂ ಆ ಸೇತುವೆಯಿಂದ ಕೆಲಸವಿರಲಿಲ್ಲ. ಅದು ಆಚೆ ದಡ ಮುಟ್ಟಿಯೇ ಇರಲಿಲ್ಲ. ಆದರೂ ಸಾಲು ಕಂಡರೆ ನಿಲ್ಲುವುದು ಮನುಷ್ಯನ ರಕ್ತದಲ್ಲಿದೆ. ಸರಿಸಾರ್ ಸಾಲಿನ ಕೊನೆಯಲ್ಲಿ ಕತ್ತೆ ಹಿಡಿದುಕೊಂಡು ನಿಂತರು. ತಾನು ಕಟ್ಟಿದ ಸೇತುವೆಗೆ ತಾನೇ ಇಪ್ಪತ್ತೊಂದನೆಯವನು. ಸರದಿ ಬರುವ ಮುಂಚೆ ಹೆಡ್ ಕ್ಲಾರ್ಕರ ಊಟದ ಹೊತ್ತಾಗಿ ಅವರು ಎದ್ದುಹೋದರು.

ಆಟದ ಕಂಪನಿಗೆ ಸರಿಸಾರ್ ದೂರು ಬರೆದರು. ನನಗೆ ನನ್ನ ಒಬ್ಬನ ಪ್ರಪಂಚ ವಾಪಸು ಕೊಡಿ ಎಂದು ಬೇಡಿಕೊಂಡರು. ಉತ್ತರ ತಕ್ಷಣ ಬಂತು, ತಕ್ಷಣ ಬರುವ ಉತ್ತರಗಳ ಹಾಗೆಯೇ ಇತ್ತು. ಒಮ್ಮೆ ಹಂಚಿಕೊಂಡ ಪ್ರಪಂಚ ಮತ್ತೆ ಒಬ್ಬರದಾಗದು, ಇದನ್ನು ನೀವು ಓದಿ ಒಪ್ಪಿದ್ದೀರಿ. ನಮ್ಮ ಸಮೀಕ್ಷೆಯಲ್ಲಿ ಲಕ್ಷಾಂತರ ಆಟಗಾರರು ತಮಗೆ ಜೊತೆ ಬೇಕೆಂದೇ ಹೇಳಿದ್ದಾರೆ. ಈ ಉತ್ತರ ನಿಮಗೆ ಸಂತೋಷ ತಂದಿದ್ದರೆ ಐದು ನಕ್ಷತ್ರ ಕೊಡಿ. ಯಾರನ್ನು ಕೇಳಿದರೋ ಪುಣ್ಯಾತ್ಮರು! ಒಬ್ಬನೇ ಇರಬೇಕೆನ್ನುವವನು ಸಮೀಕ್ಷೆಯವರು ಬಂದರೆ ಬಾಗಿಲು ತೆಗೆಯುತ್ತಾನೆಯೇ? ಸರಿಸಾರ್ ಕೋಪದಲ್ಲಿ ಗುದ್ದಿದ ಗುದ್ದಿಗೆ ಐದು ನಕ್ಷತ್ರವೂ ಕಂಪನಿಗೆ ಹೋಗಿಬಿಟ್ಟವು.

ವಿಚಾರಣೆ ಗುರುವಾರ, ಊಟದ ಬಿಡುವಿನಲ್ಲಿ. ಹೆಡ್ ಕ್ಲಾರ್ಕರ ಮೇಜಿನ ಸುತ್ತ ಕುರ್ಚಿಗಳು ಬಿದ್ದವು. ಸರ್ವೇಯರು ನಕಾಶೆ ತೂಗುಹಾಕಿದರು. ಭಾವಮೈದುನ ಟೈ ಕಟ್ಟಿಕೊಂಡು ಸಾಕ್ಷಿಯಾಗಿ ಬಂದಿದ್ದ. ಯಾರ ಪರ ಎಂದು ಅವನಿಗೂ ಗೊತ್ತಿರಲಿಲ್ಲ, ಜನ ಸೇರಿದ ಕಡೆ ಇರಬೇಕು ಅಷ್ಟೆ. ಕಿಟಕಿಯಾಚೆ ಸೈಟಿನ ಮುದುಕರೂ ಇನ್ನೂ ಏಳೆಂಟು ಜನರೂ ಕತ್ತು ಉದ್ದ ಮಾಡಿ ನಿಂತಿದ್ದರು.

"ನಾವೇನು ನಿಮ್ಮ ಶತ್ರುಗಳಲ್ಲ" ಎಂದು ಹೆಡ್ ಕ್ಲಾರ್ಕು ಗಂಟಲು ಸರಿಪಡಿಸಿಕೊಂಡರು. "ಇಲ್ಲೊಂದು ಸಹಿ ಹಾಕಿ, ಮುಗಿದುಹೋಗುತ್ತೆ."

ಕಾಗದದ ಕೆಳಗೆ ಪೆನ್ಸಿಲಿನ ಗುರುತಿತ್ತು. ಸರಿಸಾರ್ ಕೈ ತಾನಾಗಿಯೇ ಪೆನ್ನು ಎತ್ತಿತು. ಬಾಯಿ ತಾನಾಗಿಯೇ "ಸರಿ ಸಾ" ಎಂದಿತು. ಅಲ್ಲಿಗೆ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರ ಕಣ್ಣು ಗುರುತನ್ನು ಬಿಟ್ಟು ಮೇಲಕ್ಕೆ ಹೋಯಿತು. ಅವರು ಓದತೊಡಗಿದರು. ಜೋರಾಗಿ, ಒಂದೊಂದೇ ಪದ. 'ನಾನು, ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ, ಸದರಿ ಸೇತುವೆಯನ್ನು, ನನ್ನ ಕೈಯಾರೆ, ಮುರಿದು ತೆರವುಗೊಳಿಸಲು ಒಪ್ಪಿರುತ್ತೇನೆ.'

"ಯಾರಿಗ್ರೀ ಸಂತೋಷ?" ಎಂದು ಸರಿಸಾರ್ ಕೂಗಿದರು. ಪಕ್ಕದ ಕೋಣೆಯಲ್ಲಿ ಬೆರಳಚ್ಚಿನ ಸದ್ದು ನಿಂತಿತು. "ನಿಮ್ಮ ಪ್ರಪಂಚದಲ್ಲಿ ಇಪ್ಪತ್ತೆರಡು ವರ್ಷ ನೀವು ತೋರಿಸಿದ ಕಡೆ ಸಹಿ ಹಾಕಿದೀನಿ. ಅಂಗೈಯಗಲ ಒಂದು ಪ್ರಪಂಚ ನಂದು ಅಂತ ಇತ್ತು. ಅಲ್ಲಿಗೂ ಮೇಜು ತಂದು ಹಾಕಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ? ಅಳೆಯೋಕೆ ಹೊರಗೆ ಆ ಯಜಮಾನರ ಸೈಟು ಎಂಟು ತಿಂಗಳಿಂದ ಬಿದ್ದಿದೆ, ಇವರು ನನ್ನ ನದಿ ಅಳೀತಾರೆ!"

"ಹಂಗ್ ಹೇಳಿ ಸ್ವಾಮಿ!" ಎಂದರು ಕಿಟಕಿಯ ಮುದುಕರು.

"ಭಾವ, ಸಮಾಧಾನ" ಎಂದು ಭಾವಮೈದುನ ಎದ್ದ. "ಅಷ್ಟು ದೊಡ್ಡ ಜಾಗದಲ್ಲಿ ಒಬ್ರೇ ಇದ್ದು ಏನ್ ಮಾಡ್ತೀರಾ? ಜನ ಇದ್ರೆ ತಾನೆ ಮಜ?"

"ನಿನ್ನ ಮಜಕ್ಕಿಷ್ಟು ಬೆಂಕಿ ಹಾಕ! ನನ್ನ ಕತ್ತೆಗೆ ಬಾಣ ಬಿಟ್ಟೋನು ಯಾವನು ಹೇಳು ಮೊದಲು!"

ಸರಿಸಾರ್ ಫೋನು ತೆಗೆದರು. ಇಷ್ಟು ದಿನ ಓದದೆ ದಾಟಿದ ಸಣ್ಣಕ್ಷರಗಳನ್ನೆಲ್ಲ ಅಲ್ಲೇ ನಿಂತು ಓದಿದರು. ಊಟದ ಬಿಡುವು ಮುಗಿಯಿತು, ಯಾರೂ ಏಳಲಿಲ್ಲ. ಹದಿನೇಳನೇ ಪುಟದಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತು. ಹಂಚಿಕೊಂಡ ಪ್ರಪಂಚವನ್ನು ವಾಪಸು ಪಡೆಯುವಂತಿಲ್ಲ. ಆದರೆ ಅದನ್ನು ಕಟ್ಟಿದವನು ಅಳಿಸಿಹಾಕಬಹುದು.

"ನಿಜವಾಗಿಯೂ ಅಳಿಸಬೇಕೆ?" ಎಂದು ಆಟ ಕೇಳಿದ್ದನ್ನು ಅವರು ಎಲ್ಲರಿಗೂ ಓದಿ ಹೇಳಿ, ಒತ್ತಿದರು.

"ರೀ, ರೀ, ತಡೀರಿ!" ಹೆಡ್ ಕ್ಲಾರ್ಕು ಕುರ್ಚಿ ಬೀಳಿಸಿಕೊಂಡು ಎದ್ದರು. "ನನ್ನ ರಿಜಿಸ್ಟರ್ ಇದೆ ಕಣ್ರೀ ಅಲ್ಲಿ! ಇನ್ನೂರು ಪಾಸು ಕೊಟ್ಟಿದೀನಿ!"

'ಇಲ್ಲಿರುವ ಯಾವುದೂ ಮತ್ತೆ ಸಿಗುವುದಿಲ್ಲ. ಒಪ್ಪಿಗೆಯೇ?' ಓದಿದರು, ಒತ್ತಿದರು.

"ಗಡಿ ಕಲ್ಲು ನಿನ್ನೆ ತಾನೇ ನೆಟ್ಟಿದೀನಿ" ಎಂದು ಸರ್ವೇಯರು ಗೊಗ್ಗರು ದನಿಯಲ್ಲಿ ಅಂದರು. "ನಮ್ಮ ಹುಡುಗರ ಕುದುರೆಗಳು ಭಾವ!" ಎಂದ ಭಾವಮೈದುನ.

ಮೂರನೆಯ ಸಲ ಆಟ ಒಂದು ಲೆಕ್ಕ ತೋರಿಸಿತು. ಮುನ್ನೂರ ಮೂವತ್ತು ಗಂಟೆ, ಒಂದು ಗುಡಿಸಲು, ಒಂದು ಕತ್ತೆ, ಮುನ್ನೂರ ಇಪ್ಪತ್ತೆರಡು ಹಲಗೆ. ಅದನ್ನೂ ಸರಿಸಾರ್ ಒಂದೊಂದಾಗಿ ಜೋರಾಗಿ ಓದಿದರು. ಅವರಿಗೆ ಆ ಹಲಗೆಗಳಲ್ಲಿ ಅರ್ಧದಷ್ಟರ ಮರ ಎಲ್ಲಿ ನಿಂತಿತ್ತೆಂದೂ ಗೊತ್ತಿತ್ತು. ಆದರೆ ಸಿಟ್ಟು ಸಂಕಟಕ್ಕಿಂತ ಒಂದು ಹಲಗೆ ಉದ್ದವಿತ್ತು. ಒತ್ತಿಬಿಟ್ಟರು. "ವೀರನೇ, ನಿನ್ನ ಉಪ" ಎಂದದ್ದೇ ಕೊನೆ, ಆಟ ತೆರೆದು ಮೇಜಿನ ಮೇಲಿಟ್ಟಿದ್ದ ಎಲ್ಲರ ಫೋನುಗಳೂ ಒಟ್ಟಿಗೆ ಕಪ್ಪಾದವು.

ಸಂಜೆ ಮನೆಗೆ ಬಂದವರೇ ಸರಿಸಾರ್ ಶರಟೂ ಬಿಚ್ಚದೆ ಕುರ್ಚಿಯಲ್ಲಿ ಕುಸಿದರು. ಹೆಂಡತಿ ಕಿಟಕಿಯ ಬಳಿ ಫೋನು ಹಿಡಿದು ಕೂತಿದ್ದಳು.

"ಹೋಯ್ತು ಕಣೇ. ಎಲ್ಲ ಅಳಿಸಿಹಾಕಿಬಿಟ್ಟೆ. ಸೇತುವೇನೂ ಹೋಯ್ತು."

"ಒಳ್ಳೇದಾಯ್ತು ಬಿಡಿ" ಎಂದಳು ಅವಳು, ತಲೆ ಎತ್ತದೆ. "ನೆಮ್ಮದಿಯಾಗಿ ಬೇರೆ ಶುರು ಮಾಡಿ."

ಆ ದನಿಯಲ್ಲಿದ್ದ ನೆಮ್ಮದಿ ಸರಿಸಾರ್‌ಗೆ ವಿಚಿತ್ರವೆನಿಸಿತು. ಎದ್ದು ಹೋಗಿ ಅವಳ ಭುಜದ ಮೇಲಿಂದ ಇಣುಕಿದರು. ಪರದೆಯ ಮೇಲೆ ದೊಡ್ಡ ಕೆರೆ. ದಡದಲ್ಲಿ ಬಿಳಿ ಗೋಡೆಯ ಪುಟ್ಟ ಮನೆ, ಅಂಗಳದಲ್ಲಿ ಮುಕ್ಕಾಲು ಮುಗಿದ ಒಂದು ದೋಣಿ, ದೂರದಲ್ಲಿ ನೀಲಿ ಬೆಟ್ಟ. ಎಲ್ಲೂ ಒಬ್ಬ ನರಮನುಷ್ಯನಿಲ್ಲ. ಕಟ್ಟೆಯ ಗೂಟಕ್ಕೆ ಒಂದು ಎತ್ತರದ ಬಿಳಿ ಕುದುರೆಯನ್ನು ಕಟ್ಟಿತ್ತು.

"ಇದು ಅದೇ ಆಟ!"

"ಹೂಂ."

"ಎಷ್ಟು ದಿನದಿಂದ?"

"ನೀವು ಶುರು ಮಾಡಿದ ವಾರದಿಂದ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬರ್ತಿದ್ರಿ."

ಸರಿಸಾರ್‌ಗೆ ಕಪಾಳಕ್ಕೆ ಬಾರಿಸಿದಂತಾಯಿತು. ಮಧ್ಯಾಹ್ನ ಇಡೀ ಕಚೇರಿಯನ್ನು ನಡುಗಿಸಿದ ಸಿಟ್ಟು ಇನ್ನೊಮ್ಮೆ ಅಂಗಾಲಿನಿಂದ ಏರಿತು. "ಅಂದ್ರೆ? ನಾನೇನು ಹೆಡ್ ಕ್ಲಾರ್ಕಾ? ನಿನ್ನ ಗಂಡ ಕಣೇ! ಒಂದು ಸಲ ಕರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಆ ದೋಣಿ ಪಕ್ಕದ ಹಲಗೆ ನೋಡು, ಹಂಗಾ ಜೋಡಿಸೋದು? ಕೊಡು ಇಲ್ಲಿ, ಒಂದು ಐದು ನಿಮಿಷ."

ಅವಳು ಫೋನನ್ನು ಎದೆಗೊತ್ತಿಕೊಂಡು ಎದ್ದಳು. "ಕೈ ಹಚ್ಚೀರಿ, ಜೋಕೆ!"

"ಹೋಗಲಿ, ಮುಟ್ಟಲ್ಲ. ಆ ನೀಲಿ ಬೆಟ್ಟದ ಹಿಂದೆ ಏನಿದೆ, ಅದನ್ನ ನೋಡ್ಕೊಂಡು ಬಂದುಬಿಡ್ತೀನಿ."

"ಅಲ್ಲಿ ಏನೂ ಇಲ್ಲ. ಅದಕ್ಕೇ ನಾನು ಅಲ್ಲಿಗೆ ಹೋಗೋದು."

ಹೆಂಡತಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿತು. ಇಂಥ ದೊಡ್ಡ ಪ್ರಪಂಚವನ್ನು ಒಬ್ಬಳೇ ಬಾಚಿಟ್ಟುಕೊಂಡು ಕೂರುವ ಹೆಂಗಸಿನ ಸ್ವಾರ್ಥ ಎಂಥದ್ದೆಂದು ಸರಿಸಾರ್ ಗೋಡೆಗೂ ಗೂಟಕ್ಕೂ ಕೇಳುವಂತೆ ಕೂಗಾಡಿದರು. ಬಾಗಿಲು ದಬದಬ ಬಡಿದರು. ಕಡೆಗೆ ದನಿ ಇಳಿಸಿ, ಚಿಲಕದ ಹತ್ತಿರ ಬಾಯಿಟ್ಟು, ದಡದಲ್ಲಿ ಸುಮ್ಮನೆ ನಿಂತಿರುತ್ತೇನೆ, ಬರಲೇ ಎಂದು ಕೇಳಿದರು.

"ಇವತ್ತ್ ಆಗಲ್ಲ" ಎಂದಿತು ಒಳಗಿನ ದನಿ. "ನಾಳೆ ಬನ್ನಿ."